ಕಪ್ಪು ಬಿಯರಿನ ರಸಮೀಮಾಂಸೆ

ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಬಾರ್ಲಿಗೆ ಮಾಲ್ಟ್ ಎಂದು ಹೆಸರು. ಇದಕ್ಕೆ 200 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವಿನಲ್ಲಿ ಹುರಿದ ಬಾರ್ಲಿಯನ್ನು ತುಸು ಬೆರೆಸಿದರೆ ‘ಸ್ಟೌಟ್’ ಎಂಬ ಕಪ್ಪು ಬಿಯರ್ ಹುಟ್ಟುವುದರಿಂದ, ಅದರ ಬಣ್ಣಕ್ಕೆ ಹುರಿದವನ ಕೈಯೇ ಹೊಣೆ. ಬೆಂಗಳೂರಿನಲ್ಲಿ ಕಳೆದ ದಶಕದಲ್ಲಿ ಹೆಚ್ಚಿದ ಮೈಕ್ರೋಬ್ರೂವರಿಗಳಲ್ಲಿ, ಅಂದರೆ ಬಿಯರನ್ನು ತಮ್ಮಲ್ಲೇ ತಯಾರಿಸಿ ಅಲ್ಲೇ ಗ್ಲಾಸಿಗೆ ಬಗ್ಗಿಸುವ ಸಣ್ಣ ಘಟಕಗಳಲ್ಲಿ, ರಸಜ್ಞನು ಬೆಳಕೇ ಹಾಯದ ಈ ಪೇಯವನ್ನು ದೀಪಕ್ಕೆ ಹಿಡಿದು ಗಂಭೀರವಾಗಿ ಪರೀಕ್ಷಿಸಿ, ಕಂದು ನೊರೆಯನ್ನು ಮೀಸೆಗೆ ಮೆತ್ತಿಕೊಂಡು, ಕಾಫಿ, ಚಾಕೊಲೇಟ್ ಎಂದು ಪಟ್ಟಿ ಒಪ್ಪಿಸುತ್ತಾನೆ. ಯಲಬುರ್ಗಾ ಸೀಮೆಯ ಬೇವೂರಿನಿಂದ ದುಡಿಯಲು ಬಂದವನಿಗೆ ಅದೇ ಗ್ಲಾಸನ್ನು ಕೊಟ್ಟರೆ, ಹಂಚಿನ ಮೇಲೆ ಮರೆತು ಸೀದ ಜೋಳದ ರೊಟ್ಟಿಯ ವಾಸನೆ ಎಂದು ಒಂದೇ ಮಾತಿನಲ್ಲಿ ಮುಗಿಸಿಯಾನು. ಶಾಸ್ತ್ರವೂ ಬಹುಶಃ ಅವನ ಪಕ್ಷವೇ, ಏಕೆಂದರೆ ಧಾನ್ಯದ ಸಕ್ಕರೆಯೂ ಪ್ರೋಟೀನಿನ ಅಂಶಗಳೂ ಕಾವಿಗೆ ಕೂಡಿ ಕಂದುಗಟ್ಟುವ ‘ಮೈಯಾರ್ ಕ್ರಿಯೆ’ ಎರಡು ಕಡೆಯೂ ನಡೆಯುತ್ತದೆ. ಶೇಂಗಾ ಹಿಂಡಿ ಜೊತೆಗಿದ್ದರೆ ಇಬ್ಬರ ವಾದವೂ ತಣ್ಣಗಾದೀತು. ಇನ್ನು ಬಣ್ಣ ಕಂಡು ಅಮಲಿಗೆ ಹೆದರುವುದು ವ್ಯರ್ಥ: ಪ್ರಸಿದ್ಧ ಐರಿಶ್ ಸ್ಟೌಟ್ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ ಶೇ. 4.2 ಮಾತ್ರ, ಹೊನ್ನಿನ ಬಣ್ಣದ ನಮ್ಮ ಸ್ಟ್ರಾಂಗ್ ಬಿಯರುಗಳಲ್ಲಿ ಅದು ಶೇ. 7ರ ಆಸುಪಾಸು.