ಆಂಪ್ಲಿರಾಯರ ಅವಿಭಕ್ತ ಕುಟುಂಬ

ಮಲ್ಲೇಶ್ವರದ ನಮ್ಮ ಬೀದಿಯ ಕೊನೆಯ ಹೆಂಚಿನ ಮನೆಯ ಯಜಮಾನರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಗ್ಯಾಸ್ ಪುಸ್ತಕದಲ್ಲೂ ಮತದಾರರ ಪಟ್ಟಿಯಲ್ಲೂ ಅದು ಭದ್ರವಾಗಿದೆ. ಮಿಕ್ಕ ಕಡೆಯೆಲ್ಲ ಅವರು ಆಂಪ್ಲಿರಾಯರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕೆಲವರು ಕಾಶಿಗೆ ಹೋಗುತ್ತಾರೆ, ಕೆಲವರು ನಗೆಕೂಟ ಸೇರುತ್ತಾರೆ, ಇನ್ನು ಕೆಲವರು ದಾಯಾದಿಗಳ ಮೇಲೆ ಸೈಟಿನ ಕೇಸು ಹಾಕುತ್ತಾರೆ. ರಾಯರು ಗ್ರಾಚ್ಯುಯಿಟಿ ಕೈಗೆ ಬಂದ ವಾರವೇ ಜಪಾನಿನ ಒಂದು ಇಂಟಿಗ್ರೇಟೆಡ್ ಸ್ಟೀರಿಯೋ ಆಂಪ್ಲಿಫೈಯರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆ ತುಂಬಿಸಿಕೊಂಡರು.

ರಾಯರು ಯಾರನ್ನೂ ಹಾಡು ಕೇಳಲು ಕರೆಯುವುದಿಲ್ಲ. "ಒಂದ್ಸಲ ಬಂದು ಸೌಂಡ್ ಕೇಳಿ" ಎನ್ನುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ಅರ್ಥವಾಗುವ ಹೊತ್ತಿಗೆ ನಾನು ಅವರ ಮನೆಗೆ ಎರಡು ವರ್ಷ ನಡೆದಿದ್ದೆ.

ಹೊಸಬರು ಹೋದರೆ ಮೊದಲು ಪ್ಲಗ್ಗು ತೆಗೆದು ಆಂಪ್ಲಿಫೈಯರನ್ನು ಕೈಗೆ ಕೊಡುತ್ತಾರೆ. "ಎತ್ತಿ ನೋಡಿ." ಹಲಸಿನ ಹಣ್ಣನ್ನು ಬೆರಳಲ್ಲಿ ಬಡಿದು ನೋಡಿದ ಹಾಗೆ ಇದನ್ನು ತೂಗಿ ನೋಡಬೇಕು. ಹಗುರವಿದ್ದರೆ ಟ್ರಾನ್ಸ್‌ಫಾರ್ಮರ್ ಬಡವ, ಬಡವನ ಕೈಲಿ ಮೃದಂಗದ ಏಟು ತಡೆಯಲಾಗದು ಎಂಬುದು ಅವರ ಸಿದ್ಧಾಂತ. ನಾವು ಏದುಸಿರು ಬಿಟ್ಟರೆ ರಾಯರ ಮುಖ ಅರಳುತ್ತದೆ. ಆಮೇಲೆ ಉಪನ್ಯಾಸ.

"ಇಂಟಿಗ್ರೇಟೆಡ್ ಅಂದ್ರೆ ಅವಿಭಕ್ತ ಕುಟುಂಬ. ಇದರೊಳಗಿನ ಪ್ರೀ-ಆಂಪ್ಲಿಫೈಯರು ಮನೆಯ ಸೊಸೆ. ಸಿಡಿ ಬರಲಿ, ಟ್ಯೂನರ್ ಬರಲಿ, ಗ್ರಾಮಫೋನ್ ಬರಲಿ, ಬಾಗಿಲಲ್ಲಿ ಗುರುತು ಹಿಡಿದು ಒಬ್ಬರನ್ನೇ ಒಳಗೆ ಬಿಡೋಳು ಅವಳು. ದನಿ ಎಷ್ಟಿರಬೇಕು ಅಂತ ತೀರ್ಮಾನ ಮಾಡೋಳೂ ಅವಳೇ. ಪವರ್ ಆಂಪ್ಲಿಫೈಯರು ಮಗ. ಸ್ವಂತ ಬುದ್ಧಿ ಇಲ್ಲ, ಒಳಗಿಂದ ಬಂದ ಮಾತನ್ನೇ ಹೊರಗೆ ಜೋರಾಗಿ ಹೇಳ್ತಾನೆ. ಟ್ರಾನ್ಸ್‌ಫಾರ್ಮರು ತಾತ. ಮೂಲೆ ಹಿಡಿದು ಕೂತಿರ್ತಾನೆ, ಮನೆಯ ಅರ್ಧ ತೂಕ ಅವನದೇ, ಆಗಾಗ ಹ್ಞೂಂ ಅಂತಾನೆ. ಎಲ್ಲರಿಗೂ ಒಂದೇ ಒಲೆ, ಒಂದೇ ಪ್ಲಗ್ಗು. ದುಡ್ಡಿದ್ದೋರು ಪ್ರೀ ಬೇರೆ, ಪವರ್ ಬೇರೆ ಪೆಟ್ಟಿಗೆ ಇಡ್ತಾರೆ. ಬೇರೆ ಮನೆ ಮಾಡಿದ ಹಾಗೆ. ಜಗಳ ಕಮ್ಮಿ, ಖರ್ಚು ಜಾಸ್ತಿ."

ಒಳಗಿನಿಂದ ರಾಯರ ಹೆಂಡತಿ, ನಮ್ಮ ಆಂಟಿಯ ದನಿ ಬರುತ್ತದೆ: "ಅಂತೂ ಸೊಸೆ ಮಾತೇ ನಡೆಯೋದು ಅಂತಾಯ್ತಲ್ಲ."

ರಾಯರ ಆಂಪ್ಲಿಫೈಯರಿನ ಶಕ್ತಿ ಒಂದೊಂದು ಕಡೆಗೆ 45 ವ್ಯಾಟ್. ಎದುರು ಮನೆಯ ಹುಡುಗನ ಪಾರ್ಟಿ ಸ್ಪೀಕರಿನ ಡಬ್ಬದ ಮೇಲೆ 5000 ವ್ಯಾಟ್ ಪಿಎಂಪಿಒ ಎಂದು ಅಚ್ಚಾಗಿದೆ. ಇದನ್ನು ನಾನೊಮ್ಮೆ ಹೇಳಿ ಕೆಟ್ಟೆ. "ಪಿಎಂಪಿಒ ಅಂದ್ರೆ ಚುನಾವಣಾ ಪ್ರಣಾಳಿಕೆ. ಆರ್‌ಎಂಎಸ್ ಅಂದ್ರೆ ಸಂಬಳದ ಚೀಟಿ" ಎಂದು ಗುಡುಗಿದರು. ವ್ಯಾಟು ಇಮ್ಮಡಿಯಾದರೆ ದನಿ ಏರುವುದು ಬರೀ 3 ಡೆಸಿಬಲ್, ಕಿವಿಗೆ ಇಮ್ಮಡಿ ಎನ್ನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟ್ ಸುರಿಯಬೇಕು, ನಾವು ನೀವು ಕೋಣೆಯಲ್ಲಿ ಕೂತು ಕೇಳುವುದಕ್ಕೆ ಹೆಚ್ಚಿನ ಹೊತ್ತು ಒಂದು ವ್ಯಾಟೇ ಸಾಕು ಎಂದು ಲೆಕ್ಕ ಹಾಕಿ ತೋರಿಸಿದರು.

"ಹಾಗಾದ್ರೆ ಮಿಕ್ಕ 44 ಯಾಕೆ ಸಾರ್?"

"ಮದುವೇಲಿ ನೂರು ಜನಕ್ಕೆ ಅಡುಗೆ ಅಂದ್ರೂ ಇನ್ನೂರು ಎಲೆ ತರಿಸ್ತೀವಲ್ಲ, ಹಾಗೆ. ತನಿ ಆವರ್ತನದಲ್ಲಿ ಫಟ್ಟಂತ ಒಂದು ಏಟು ಬೀಳುತ್ತೆ ನೋಡಿ, ಆ ಕ್ಷಣಕ್ಕೆ ಬೇಕು."

ಇದಕ್ಕೆ ಸಾಕ್ಷಿಯಾಗಿ ನ್ಯಾಡ್ 3020ರ ಪುರಾಣ ಬರುತ್ತದೆ. 1978ರಲ್ಲಿ ಬಂದ ಪೆಟ್ಟಿಗೆ, ನಾರ್ವೆಯ ಎಡ್ವರ್ಡ್‌ಸೆನ್ ಎಂಬ ಪುಣ್ಯಾತ್ಮ ರೂಪಿಸಿದ್ದು, ಕಾಗದದ ಮೇಲೆ ಬರೀ 20 ವ್ಯಾಟ್, ಆದರೆ ದೊಡ್ಡ ದೊಡ್ಡ ಪೆಟ್ಟಿಗೆಗಳ ಮಾನ ಕಳೆಯಿತು. ಹೇಳುವಾಗ ರಾಯರ ಕಣ್ಣು ಒದ್ದೆಯಾಗುತ್ತದೆ. ಅದೇ 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ಟೂ ಬಂತು. ಆಗ ರಾಯರು ಶಿವಮೊಗ್ಗದ ಬ್ರಾಂಚಿನಲ್ಲಿ ಗುಮಾಸ್ತೆ. ಟೂ-ಇನ್-ಒನ್ನಿನಲ್ಲಿ ಮೈಸೂರು ಅನಂತಸ್ವಾಮಿಯವರನ್ನು ಟೇಪು ಸವೆಯುವ ತನಕ ಕೇಳಿ, ಸುರುಳಿ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಕೇಳಿ, ಅಷ್ಟೂ ಹಾಡು ಬಾಯಿಪಾಠ ಮಾಡಿದ್ದರು ಎಂದು ಆಂಟಿ ಹೇಳುತ್ತಾರೆ. ಈಗ ಅವರ ಹತ್ತಿರ ಆ ಹಾಡುಗಳ ಒಳ್ಳೆಯ ಪ್ರತಿ ಇದೆ. ಕೇಳುವುದಿಲ್ಲ. "ರೆಕಾರ್ಡಿಂಗ್ ಸುಮಾರು."

ಕೇಳುವ ಕೋಣೆಯಲ್ಲಿ ಇರುವುದು ಒಂದೇ ಬೆತ್ತದ ಕುರ್ಚಿ. ಎರಡು ಸ್ಪೀಕರು, ಒಂದು ಕುರ್ಚಿ, ಮೂರೂ ಸಮಬಾಹು ತ್ರಿಕೋನದ ಮೂರು ಮೂಲೆ. ಕುರ್ಚಿಯ ಕಾಲಿಗೆ ರೆಡ್ ಆಕ್ಸೈಡ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು. ಕೆಲಸದವಳು ನೆಲ ಒರೆಸಿದ ದಿನ ಆ ಗುರುತು ಅಳಿಸಿಹೋಗಿ, ರಾಯರು ಟೇಪು ಹಿಡಿದು ಸರ್ವೆ ಇಲಾಖೆಯವರ ಹಾಗೆ ಮಂಡಿಯೂರುತ್ತಾರೆ. ಆ ಪೀಠದಲ್ಲಿ ಕೂತವನಿಗೆ ಮಾತ್ರ ಹಾಡುಗಾರ ನಟ್ಟನಡುವೆ ಕಾಣುತ್ತಾನಂತೆ. ಮಿಕ್ಕವರು ಗೋಡೆಗೆ ಒರಗಿ, ಕಂಡವರ ಮುಖ ನೋಡಿಕೊಂಡು ತೃಪ್ತಿಪಡಬೇಕು. ಕಿಟಕಿ ಬಂದ್, ಪರದೆ ಬಂದ್, ದೀಪ ಬಂದ್. ಕಾಫಿ ಇಲ್ಲ. ಲೋಟ ಡವರಾ ತಾಗಿದರೆ ಟಿಣ್ ಎನ್ನುತ್ತದೆ.

ಬಾಸ್, ಟ್ರೆಬಲ್ ಗುಂಡಿಗಳು ಇರುವುದು ಮುಟ್ಟಬಾರದು ಎಂದು ತೋರಿಸಲಿಕ್ಕೆ. ಅವನ್ನು ದಾಟಿಸಿ ನೇರ ದಾರಿ ಬಿಡುವ 'ಡೈರೆಕ್ಟ್' ಎಂಬ ಇನ್ನೊಂದು ಗುಂಡಿಯಿದೆ, ಅದು ಸದಾ ಒತ್ತಿಯೇ ಇರುತ್ತದೆ. ಒಮ್ಮೆ ಅವರ ತಂಗಿಯ ಮಗ ಬಾಸ್ ಸ್ವಲ್ಪ ತಿರುಗಿಸಿದ. ತಿಳಿಸಾರಿಗೆ ಟೊಮೇಟೊ ಸಾಸ್ ಹಾಕಿದವನನ್ನು ನೋಡುವ ಹಾಗೆ ನೋಡಿದರು. ಆ ಹುಡುಗನ ಮದುವೆಗೆ ಇವರು ಹೋದದ್ದು ಬರೀ ಆರತಕ್ಷತೆಗೆ.

ಕರೆಂಟಿನಲ್ಲೂ ಮಡಿ ಮೈಲಿಗೆಯಿದೆ. ಸಂಜೆ ಆರಕ್ಕೆ ಬೀದಿಯ ಅಷ್ಟೂ ಸಂಪಿನ ಮೋಟಾರುಗಳು ಶುರುವಾಗಿ, ಮಿಕ್ಸಿಗಳು ತಿರುಗಿ, ಕರೆಂಟು ಕೊಳೆಯಾಗಿ ತಂಬೂರಿಯ ಶ್ರುತಿ ಮಂಕಾಗುತ್ತದಂತೆ. ಬೆಳಗಿನ ಜಾವ ನಾಲ್ಕೂವರೆಗೆ ಬರುವುದು ಮಡಿ ಕರೆಂಟು. ಹಾಗಾಗಿ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ಅರ್ಧ ಗಂಟೆ ಆಂಪ್ಲಿಫೈಯರ್ ಬಿಸಿಯಾಗಲು ಬಿಟ್ಟು, ಆಮೇಲೆ ಕೂರುತ್ತಾರೆ. ಈ ಬಿಸಿಯ ಉಪಯೋಗವನ್ನು ಸರಿಯಾಗಿ ಕಂಡುಕೊಂಡವರು ಆಂಟಿ. ಡಿಸೆಂಬರಿನ ಚಳಿಯಲ್ಲಿ ಮೊಸರು ಹೆಪ್ಪಾಗದಿದ್ದಾಗ ಹಾಲಿನ ಪಾತ್ರೆಯನ್ನು ಅದರ ನೆತ್ತಿಯ ಮೇಲಿಟ್ಟರು. ರಾಯರು ಮೂರು ದಿನ ಮಾತು ಬಿಟ್ಟರು. ಮೊಸರು ಮಾತ್ರ ಗಟ್ಟಿಯಾಗಿತ್ತು.

ಇಷ್ಟೆಲ್ಲ ಆದ ಮೇಲೆ ಕೇಳುವುದೇನು? ಏಳು ತುಣುಕು. ಒಂದೊಂದು ನಲವತ್ತು ಸೆಕೆಂಡು. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ತಂತಿಗೆ ಉಗುರು ತಾಗುವ ಸದ್ದು. ಅಶ್ವತ್ಥ್ ಪಲ್ಲವಿಗೆ ಮುಂಚೆ ಎಳೆದುಕೊಳ್ಳುವ ಉಸಿರು. ಅವರು ಉಸಿರು ಎಳೆದುಕೊಂಡ ಕೂಡಲೇ ರಾಯರು ಹಾಡು ನಿಲ್ಲಿಸಿ "ಕೇಳ್ತಾ?" ಎನ್ನುತ್ತಾರೆ. ಪಾಪ, ಅಶ್ವತ್ಥ್ ಆ ಮನೆಯಲ್ಲಿ ಉಸಿರು ಬಿಟ್ಟದ್ದೇ ಇಲ್ಲ. ಒಮ್ಮೆ ಮಲ್ಲಿಕಾರ್ಜುನ ಮನಸೂರರ ಕಚೇರಿಯ ಧ್ವನಿಮುದ್ರಣ ಹಾಕಿದ್ದರು. ತಡೆಯಲಾರದೆ "ಇದು ಯಾವ ರಾಗ ಸಾರ್?" ಎಂದೆ.

"ರಾಗ ಇರಲಿ ಬಿಡಿ. ಬಲಗಡೆ ಮೂರನೇ ಸಾಲಲ್ಲಿ ಯಾರೋ ಕೆಮ್ಮಿದ್ರಲ್ಲ, ಗಮನಿಸಿದ್ರಾ? ಶೀತದ ಕೆಮ್ಮಲ್ಲ ಅದು, ಒಣ ಕೆಮ್ಮು."

ನಿಜವಾದ ಕಚೇರಿಗೆ ಅವರು ಹೋಗುವುದು ಕಡಿಮೆ. ಚೌಡಯ್ಯ ಸ್ಮಾರಕ ಭವನ ನಡೆದು ಹೋಗುವಷ್ಟು ಹತ್ತಿರ. ಪಿಟೀಲಿನ ಆಕಾರದ ಆ ಕಟ್ಟಡದ ಮೇಲೆ ರಾಯರಿಗೆ ಅಪಾರ ಭಕ್ತಿ. ಮೈಕಿನ ಅನುಕೂಲವಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಬಿಗಿದವರು ಚೌಡಯ್ಯ. "ಮೈಸೂರು ಸೀಮೆಯ ಮೊದಲನೇ ಆಂಪ್ಲಿಫೈಯರು ಅದೇ ಕಣ್ರೀ. ಪ್ಲಗ್ಗೂ ಬೇಡ!" ಎಂದು ಕೈ ಮುಗಿಯುತ್ತಾರೆ. ಆದರೆ ಕಳೆದ ಸಲ ಅಲ್ಲಿ ಒಂದು ಗಾಯನ ಕೇಳಿ ಅರ್ಧಕ್ಕೇ ಎದ್ದು ಬಂದರು. ಯಾಕೆ ಎಂದರೆ, "ಮೃದಂಗ ಎಡಗಡೆ ಸರಿಯಾಗಿ ಕೂತಿರಲಿಲ್ಲ. ನಮ್ಮನೇಲೇ ವಾಸಿ."

ಮೂರು ತಿಂಗಳ ಕೆಳಗೆ ಹೊಸ ಸ್ಪೀಕರು ಬಂತು. ಹಳೆಯವು ಶಿವಮೊಗ್ಗದ ಕಾಲದವು, ಬಡಗಿ ಕೂರಿಸಿ ಮಾಡಿಸಿದ ತೇಗದ ಪೆಟ್ಟಿಗೆಗಳು, ಸೊಂಟದೆತ್ತರ. ಹೊಸವು ಎರಡು ಶೂ ಡಬ್ಬದಷ್ಟು. ಅವಕ್ಕೆ ಸ್ಟ್ಯಾಂಡ್ ಬೇಕು, ಸ್ಟ್ಯಾಂಡಿನ ಬೆಲೆ ಕೇಳಿ ಬ್ಯಾಂಕಿನ ರಾಯರು ಎಚ್ಚೆತ್ತರು. ಹಳೆಯ ಪೆಟ್ಟಿಗೆಗಳ ನೆತ್ತಿಯ ಮೇಲೇ ಹೊಸವನ್ನು ಕೂರಿಸಿದರು. ಹಳೆಯ ತಂತಿ ಆಂಪ್ಲಿಫೈಯರಿನ 'ಎ' ಜಾಗದಲ್ಲಿ ಇದ್ದ ಹಾಗೇ ಇರಲಿ ಎಂದು ಹೊಸದನ್ನು 'ಬಿ' ಜಾಗಕ್ಕೆ ಬಿಗಿದರು. ಹೊಸ ತಂತಿ ಎಸ್‌ಪಿ ರೋಡಿನ ಅಡಿ ಲೆಕ್ಕದ ತಂತಿಯಲ್ಲ, ಆಮ್ಲಜನಕ ತೆಗೆದ ತಾಮ್ರದ್ದು.

"ಇದರೊಳಗೆ ಆಕ್ಸಿಜನ್ನೇ ಇಲ್ಲ, ಗೊತ್ತಾ?" ಎಂದರು.

"ಈ ರೂಮಲ್ಲೂ ಇಲ್ಲ. ಕಿಟಕಿ ತೆಗೀರಿ" ಎಂದರು ಆಂಟಿ.

ಅಂದಿನಿಂದ ರಾಯರ ಆನಂದಕ್ಕೆ ಪಾರವಿಲ್ಲ. ಹೊಸ ಸ್ಪೀಕರು ಮೊದಲ ಎರಡು ದಿನ ಸ್ವಲ್ಪ ಬಿಗಿಯಾಗಿತ್ತಂತೆ, ಮೂರನೇ ದಿನಕ್ಕೆ ಅರಳಿತಂತೆ. "ಬರ್ನ್-ಇನ್ ಅಂತಾರೆ ಇದನ್ನ. ಹೊಸ ಚಪ್ಪಲಿ ಪಳಗಿದ ಹಾಗೆ. ಈಗ ನೋಡಿ, ಏನು ಮೈ, ಏನು ಬಿಸುಪು!" ಬೀದಿಯವರೆಲ್ಲ ಸರದಿಯಲ್ಲಿ ಗೋಡೆಗೆ ಒರಗಿ ಬಂದೆವು.

ನನ್ನ ಸರದಿಯ ದಿನ ಆರು ವರ್ಷದ ಮಗಳೂ ಜೊತೆಗಿದ್ದಳು. ನೆಲದ ಮೇಲೆ ಕೂತವಳು ಹಳೆಯ ಪೆಟ್ಟಿಗೆಯ ಬಟ್ಟೆಗೆ ಕೈಯಿಟ್ಟು ಪಿಸುಗುಟ್ಟಿದಳು: "ಅಪ್ಪಾ, ಇದು ನಡುಗ್ತಾ ಇದೆ." ಆಮೇಲೆ ಎದ್ದು ಹೊಸದರ ಮೇಲೆ ಕೈಯಿಟ್ಟು ತಲೆಯಾಡಿಸಿದಳು. ಅದು ನಡುಗುತ್ತಿರಲಿಲ್ಲ. ಕತ್ತಲಲ್ಲಿ ಬಗ್ಗಿ ನೋಡಿದೆ. ಸ್ಪೀಕರ್ ಗುಂಡಿ 'ಎ' ಮೇಲೆ ನಿಂತಿತ್ತು. ಪೀಠದಲ್ಲಿ ರಾಯರು ಕಣ್ಣು ಮುಚ್ಚಿ, "ಆಕ್ಸಿಜನ್ ಇಲ್ಲದ್ದು ಎಂಥ ವ್ಯತ್ಯಾಸ ನೋಡಿ" ಎನ್ನುತ್ತಿದ್ದರು.

ಹೊರಡುವಾಗ ಗೇಟಿನ ತನಕ ಆಂಟಿ ಬಂದರು. ನನ್ನ ಮುಖದಲ್ಲಿ ಬರೆದಿತ್ತೋ ಏನೋ.

"ಗೊತ್ತಾಯ್ತಾ? ಮೂರನೇ ದಿನ ಧೂಳು ಒರೆಸುವಾಗ ನಾನೇ ತಿರುಗಿಸಿದ್ದು. ಹೊಸದರಲ್ಲಿ ತಂಬೂರಿ ಸೊಳ್ಳೆ ಥರ ಕೇಳ್ತಿತ್ತಪ್ಪ. ಅಡುಗೆಮನೇಲಿ ನಿಂತು ದಿನಾ ಕೇಳೋಳು ನಾನು. ಇವರಿಗೆ ಹೇಳಬೇಡಿ, ಸಂತೋಷವಾಗಿದಾರೆ."

ಹೇಳಲಿಲ್ಲ. ಆದರೆ ಮುಂದಿನ ಭಾನುವಾರ ಅವರ ಗೇಟಿನ ಮುಂದೆ ಗುಜರಿಯವನ ಗಾಡಿ ನಿಂತಿತ್ತು. ರಾಯರು ಹುರುಪಿನಲ್ಲಿದ್ದರು. "ಆ ಹಳೇ ಪೆಟ್ಟಿಗೆ ಕೊಟ್ಟುಬಿಡ್ತಾ ಇದೀನಿ. ಕಬ್ಬಿಣದ ಸ್ಟ್ಯಾಂಡಿಗೆ ಆರ್ಡರ್ ಮಾಡಿದೆ. ಯಾಕೋ ಹೊಸ ಸ್ಪೀಕರಿನ ನಿಜವಾದ ಸೌಂಡು ಇನ್ನೂ ಹೊರಗೆ ಬಂದಿಲ್ಲ ಅನ್ನಿಸ್ತಿದೆ."

ಅಷ್ಟು ಕರಾರುವಾಕ್ಕಾದ ಮಾತನ್ನು ಅವರು ಆ ಮೂರು ತಿಂಗಳಲ್ಲಿ ಆಡಿರಲಿಲ್ಲ. ಬಾಗಿಲಲ್ಲಿ ಆಂಟಿ ಸೆರಗು ಹಿಡಿದು ನಿಂತಿದ್ದರು, ಕಣ್ಣು ನನ್ನ ಮೇಲೆ. ಎರಡು ವರ್ಷ ಗೋಡೆಗೆ ಒರಗಿ ಕಲಿತದ್ದೆಲ್ಲ ಆಗ ನನ್ನ ನಾಲಿಗೆಗೆ ಬಂತು.

"ತಪ್ಪು ಮಾಡ್ತಿದ್ದೀರಿ ಸಾರ್. ನಲವತ್ತು ವರ್ಷ ಪಳಗಿದ ತೇಗ ಅದು. ಕಬ್ಬಿಣದಲ್ಲಿ ಈ ಗುಣ ಎಲ್ಲಿ ಬರುತ್ತೆ? ನೀವು ಮೂರು ತಿಂಗಳಿಂದ ಕೇಳ್ತಿರೋ ಆ ಮೈ, ಆ ಬಿಸುಪು, ಅಷ್ಟೂ ಬರ್ತಿರೋದು ಈ ಹಳೇ ಪೆಟ್ಟಿಗೆಯಿಂದಲೇ. ಇದನ್ನ ತೆಗೆದ್ರೆ ನಿಮ್ಮ ಸೌಂಡು ಹೋಯ್ತು ಅಂತಲೇ ಲೆಕ್ಕ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ರಾಯರು ನನ್ನನ್ನು ದಿಟ್ಟಿಸಿದರು. ನಿಧಾನವಾಗಿ ಅವರ ಮುಖ, ಆಂಪ್ಲಿಫೈಯರಿನ ತೂಕಕ್ಕೆ ಯಾರೋ ಏದುಸಿರು ಬಿಟ್ಟರೆ ಅರಳುವ ಹಾಗೆ ಅರಳಿತು. ಗುಜರಿಯವನಿಗೆ ಎರಡು ತಿಂಗಳ ಹಳೇ ಪೇಪರು ಕೊಟ್ಟು ಕಳಿಸಿ, ಬಾಗಿಲ ಕಡೆ ತಿರುಗಿ ಕೂಗಿದರು:

"ಲೇ ಇವಳೇ, ಇವರಿಗೆ ಕಿವಿ ಬಂತು ಕಣೇ! ಕಾಫಿ ತಗೊಂಬಾ!"

ಅಂದು ನನ್ನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ಕೇಳುವ ಕೋಣೆಯೊಳಕ್ಕೆ ಲೋಟ ಡವರಾ ಬಂದದ್ದೂ ಅಂದೇ ಮೊದಲು. ಆಂಟಿ ಅದನ್ನು ನನ್ನ ಕೈಗಿಡುವಾಗ ಟಿಣ್ ಎಂದಿತು. ಡಿಕಾಕ್ಷನ್ ಒಂದು ಚೂರು ಜಾಸ್ತಿಯೇ ಇತ್ತು.