ಜನಗಣತಿಯ ಕೋಷ್ಟಕ ಮಹಾಶಯರಿಗೆ ಒಂದು ಬಹಿರಂಗ ಪತ್ರ

ಶ್ರೀಯುತ ಕೋಷ್ಟಕ ಮಹಾಶಯರೇ,

ಕಲಬುರಗಿ ಸೀಮೆಯ ತೊಗರಿ ಬೆಳೆಯುವ ಹಳ್ಳಿಗಳ ನಮಸ್ಕಾರಗಳು. 2021ಕ್ಕೆ ಬರಬೇಕಿದ್ದ ತಾವು 2027ರ ಫೆಬ್ರವರಿಗೆ ಬರುತ್ತೀರೆಂದು ತಿಳಿದು ಸಂತೋಷವಾಯಿತು. ಮುಹೂರ್ತ ಮಾತ್ರ ಯಾರ ಕೈಲಿ ನೋಡಿಸಿದಿರೋ! ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್, ಜನವರಿಗೆ ರಾಶಿಯಾಗುತ್ತದೆ. ಅದು ಮುಗಿದದ್ದೇ ತಡ, ಕೂಲಿಯವರು ಗಂಟುಮೂಟೆ ಕಟ್ಟಿ ಬೆಂಗಳೂರಿಗೋ ಮುಂಬೈಗೋ ಗುಳೆ ಹೊರಡುತ್ತಾರೆ. ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಮುದುಕರು. 2011ರಲ್ಲೂ ತಾವು ದಯಮಾಡಿಸಿದ್ದು ಫೆಬ್ರವರಿ 9ರಿಂದ 28ರವರೆಗೆ, ಸರಿಯಾಗಿ ಬೀಗ ಬಿದ್ದ ಹೊತ್ತಿಗೆ.

ಎಣಿಕೆ ನಡೆಯುವಷ್ಟು ದಿನವೂ ಊರಲ್ಲಿಲ್ಲದವರನ್ನು ಇದ್ದಲ್ಲಿಯೇ ಎಣಿಸಬೇಕೆಂಬುದು ತಮ್ಮ ನಿಯಮ. ಹೀಗಾಗಿ ರೇಷನ್ ಕಾರ್ಡಿನಲ್ಲಿ, ವೋಟರ್ ಲಿಸ್ಟಿನಲ್ಲಿ, ಜಾತ್ರೆಯ ಪಟ್ಟಿ ಎತ್ತುವವರ ಪುಸ್ತಕದಲ್ಲಿ ಊರಿನವರೇ ಆದವರು ತಮ್ಮ ಪಾಲಿಗೆ ಬೆಂಗಳೂರಿನ ತಗಡಿನ ಶೆಡ್ಡಿನವರು. ಅಲ್ಲಿಯೂ ಗಣತಿದಾರರು ಇಣುಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇನ್ನು ಊರಲ್ಲೇ ಉಳಿದವರ ವಿಚಾರ. ಗಣತಿದಾರರು ಬಾಗಿಲಲ್ಲಿ ನಿಂತು "ನಿಮ್ಮ ಮನೆಯವರು ಏನು ಕೆಲಸ ಮಾಡ್ತಾರೆ?" ಎಂದು ಕೇಳುತ್ತಾರೆ. ಕಟ್ಟೆಯ ಮೇಲೆ ಕೂತ ಯಜಮಾನ ಎಲೆಗೆ ಸುಣ್ಣ ಹಚ್ಚುತ್ತಾ, "ಏನಿಲ್ಲರಿ, ಮನ್ಯಾಗ ಇರ್ತಾಳ್ರಿ" ಅನ್ನುತ್ತಾನೆ. ಒಳಗೆ ಆಕೆ ರೊಟ್ಟಿ ಬಡಿಯುತ್ತಿರುತ್ತಾಳೆ. ಬಡಿಯುವ ಸದ್ದು ಓಣಿಗೆಲ್ಲ ಕೇಳಿಸಿದರೂ ತಮ್ಮ ಖಾನೆಗೆ ಕೇಳಿಸುವುದಿಲ್ಲ. ನಸುಕಿಗೆ ನೀರು ತಂದು, ಸಗಣಿ ಬಳಿದು, ಅಡುಗೆ ಮಾಡಿದವಳು "ಮನೆಗೆಲಸ" ಎಂಬ ಹೆಸರಿನಲ್ಲಿ ಕೆಲಸ ಮಾಡದವರ ಸಾಲಿಗೆ ಸೇರುತ್ತಾಳೆ. ಅದೇ ಸಾಲಿನಲ್ಲಿ ಪಿಂಚಣಿದಾರರು, ಬಾಡಿಗೆ ಹಣದಲ್ಲಿ ಬದುಕುವವರು, ಭಿಕ್ಷುಕರೂ ಇದ್ದಾರೆ. ಒಳ್ಳೆಯ ಸಂಗ! ಮನೆಯ ಹೊಲದಲ್ಲಿ ಕೂಲಿಯಿಲ್ಲದೆ ಕಳೆ ಕಿತ್ತರೂ ಅದು ಕೆಲಸವೇ ಎಂದು ತಮ್ಮ ಪುಸ್ತಕವೇ ಹೇಳುತ್ತದೆ. ಆದರೆ ಯಜಮಾನ ಆ ಪುಸ್ತಕ ಓದಿಲ್ಲವಲ್ಲ.

ಕೆಲಸಗಾರರೆಂದು ಒಪ್ಪಿದವರಲ್ಲೂ ತಮ್ಮದು ಎರಡು ಪಂಕ್ತಿ: ವರ್ಷಕ್ಕೆ ಆರು ತಿಂಗಳು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಸೀಮಾಂತ ಕೆಲಸಗಾರರು. 2005ರ ಉದ್ಯೋಗ ಖಾತ್ರಿ ಕಾಯ್ದೆ ಇಡೀ ಮನೆಗೆ ಭರವಸೆ ಕೊಟ್ಟದ್ದು ವರ್ಷಕ್ಕೆ 100 ದಿನ. ಅಷ್ಟನ್ನೂ ಒಬ್ಬಳೇ ಮಣ್ಣು ಹೊತ್ತು ಮುಗಿಸಿದರೂ ಆಕೆ ಸೀಮಾಂತವೇ. ಒಂದು ಸರ್ಕಾರಿ ಕಾಗದ ಕೊಟ್ಟ ಕೆಲಸ ಇನ್ನೊಂದು ಸರ್ಕಾರಿ ಕಾಗದಕ್ಕೆ ಸಾಲದು.

ತಮ್ಮನ್ನು ಬರೀ ಬೈಯುವುದೂ ತಪ್ಪು. 2001ರಲ್ಲಿ ದೇಶದಲ್ಲಿ ಸಾಗುವಳಿದಾರರು ಸುಮಾರು 12.7 ಕೋಟಿ, ಕೃಷಿ ಕೂಲಿಗಳು 10.7 ಕೋಟಿ. 2011ಕ್ಕೆ ಸಾಗುವಳಿದಾರರು 11.9 ಕೋಟಿಗೆ ಇಳಿದು, ಕೂಲಿಗಳು 14.4 ಕೋಟಿಗೆ ಏರಿದರು ಎಂಬ ಸತ್ಯ ಹೇಳಿದ್ದು ತಾವೇ. ರೈತ ದೇಶದ ಬೆನ್ನೆಲುಬು ಎಂದು ವೇದಿಕೆ ಮೇಲೆ ಮೇಜು ಗುದ್ದುವವರು ಆ ಪುಟ ತೆರೆದಂತಿಲ್ಲ.

ಹಳ್ಳಿಗಳ ಬೇಡಿಕೆ ದೊಡ್ಡದೇನಲ್ಲ. ಬರುವ ಫೆಬ್ರವರಿಯಲ್ಲಿ ಬೀಗ ಕಂಡರೆ ಎಲ್ಲಿಗೆ ಹೋಗಿದ್ದಾರೆಂದು ಪಕ್ಕದ ಮನೆಯಲ್ಲಿ ಕೇಳಿ, ನಗರದ ಗಣತಿದಾರರನ್ನು ಒಂದೊಂದು ಶೆಡ್ಡಿಗೂ ಕಳಿಸಿ. ಹೆಂಗಸಿನ ಕೆಲಸದ ಪ್ರಶ್ನೆಯನ್ನು ಕಟ್ಟೆಯ ಮೇಲಿನವನಿಗೆ ಕೇಳದೆ, ಒಳಗಿರುವ ಆಕೆಗೇ ಕೇಳಿ.

ಇಂತಿ,
ತಮ್ಮ ಖಾನೆಗಳಲ್ಲಿ ಹಿಡಿಸದವರು