ಹರಿದ ಪೈಪು ಎಸೀಬೇಡಿ ರಾಯರೇ

ಅಯ್ಯೋ, ನಿಲ್ಲಿ ರಾಯರೇ! ವ್ಯಾಕ್ಯೂಮ್ ಕ್ಲೀನರ್‌ನ ಗುಜರಿಗೆ ಹಾಕ್ತಿದ್ದೀರಾ? ಕಾಂಪೌಂಡ್ ಮೇಲಿಡಿ, ನೋಡೋಣ. ಟೈ ಕಟ್ಟಿದ ಹುಡುಗ ಮನೆಗೇ ಬಂದು, ನಿಮ್ಮ ಹಾಸಿಗೆಯಿಂದಲೇ ಬೊಗಸೆ ಧೂಳು ತೆಗೆದು, ಅತ್ತಿಗೆಯವರ ಮುಂದೆ ಮಾನ ಕಳೆದು ಮಾರಿದ್ದಲ್ವೇ ಇದು? ಆ ಕಾಲದ್ದಾದ್ರೆ ಬದುಕಿಸಬಹುದು.

ಕಿಡಿ ಹಾರ್ತು, ನಿಂತೋಯ್ತು, ಅಷ್ಟೇನಾ? ಕಾರ್ಬನ್ ಸವೆದಿರುತ್ತೆ. ನಿಮ್ಮ ಮಿಕ್ಸೀದೂ ಇದೇ ಜಾತಿ ಮೋಟಾರು. ಎರಡು ಕಾರ್ಬನ್ ತುಂಡು, ಹಿಂದೊಂದೊಂದು ಸ್ಪ್ರಿಂಗು; ತಿರುಗೋ ತಾಮ್ರಕ್ಕೆ ಉಜ್ಜಿಕೊಂಡೇ ಕರೆಂಟ್ ದಾಟಿಸ್ತವೆ. ಸವೆದು ಗಿಡ್ಡ ಆದ್ಮೇಲೆ ಸ್ಪ್ರಿಂಗ್ ಒತ್ತಿ ಹಿಡಿಯೋಕಾಗಲ್ಲ. ಪ್ಲಗ್ ಕಿತ್ತು, ಬಿಚ್ಚಿ, ಹಳೇ ತುಂಡನ್ನ ಜೇಬಲ್ಲಿಟ್ಕೊಂಡು ಎಸ್.ಪಿ. ರೋಡಿಗೆ ಹೋಗಿ. ಮಾಡೆಲ್ ಹೆಸರು ಹೇಳಿದ್ರೆ ಅಂಗಡಿಯವನು ತಲೆಯಾಡಿಸ್ತಾನೆ, ತುಂಡು ತೋರಿಸಿದ್ರೆ ಡಬ್ಬ ತೆಗೀತಾನೆ. ಅಳತೆ ಸಿಗದಿದ್ರೆ ಒಂಚೂರು ದಪ್ಪದ್ದನ್ನೇ ತಂದು ತೀಡಿಕೊಂಡ್ರಾಯ್ತು. ಗೂಡಿನೊಳಗೆ ಸಲೀಸಾಗಿ ಜಾರಬೇಕು, ಲೊಡಲೊಡ ಅನ್ನಬಾರದು. ತಾಮ್ರ ಕಪ್ಪಾಗಿದ್ರೆ ನಯವಾದ ಸ್ಯಾಂಡ್‌ಪೇಪರಲ್ಲಿ ಒರೆಸಿ. ಎಮರಿ ಬೇಡ, ಅದರ ಪುಡಿ ಸಂದಿಯಲ್ಲಿ ಕೂತ್ರೆ ಶಾರ್ಟ್ ಆದೀತು.

ಕೀ ಅಂತ ಬೇರೆ ಕೂಗ್ತಿತ್ತಾ? ಅದು ಬೇರಿಂಗು. ಅಂಚಲ್ಲೇ ನಂಬರ್ ಇರುತ್ತೆ. 608 ಅಂತಿದ್ರೆ ನಿಮ್ಮ ಅದೃಷ್ಟ: ತೂತು 8 ಮಿಲಿಮೀಟರ್, ಹೊರಸುತ್ತು 22, ದಪ್ಪ 7. ಯಾವ ದೇಶದಲ್ಲಿ ಮಾಡಿದ್ರೂ ಅದೇ ಲೆಕ್ಕ. ಮಕ್ಕಳ ಸ್ಕೇಟಿಂಗ್ ಚಕ್ರದಲ್ಲೂ ಸಾಮಾನ್ಯ ಅದೇ ಇರೋದು. ಹಾಗಂತ ಮೊಮ್ಮಗನ ಸ್ಕೇಟ್ ಬಿಚ್ಚೀರಿ! ನಿಮಿಷಕ್ಕೆ ಸಾವಿರಾರು ಸುತ್ತು ತಿರುಗೋ ಮೋಟಾರಿದು, ಒಳ್ಳೇದೇ ಹಾಕಬೇಕು.

ಚೀಲ ಹರಿದಿದ್ರೆ ಟೈಲರ್ ಹೊಲೀತಾನೆ, ಅದಕ್ಯಾಕೆ ಮುಖ ಸಣ್ಣ ಮಾಡ್ತೀರಿ? ಅಮೆರಿಕದ ಓಹಾಯೋದಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಂತ ಅಂಗಡಿ ಗುಡಿಸೋನು ಒಬ್ಬನಿದ್ದ. ಧೂಳಿಗೆ ಉಬ್ಬಸ ಜಾಸ್ತಿಯಾಗಿ, ಫ್ಯಾನ್ ಮೋಟಾರಿಗೆ ಪೊರಕೆ ಹಿಡಿ ಸಿಕ್ಕಿಸಿ, ದಿಂಬಿನ ಕವರನ್ನೇ ಚೀಲ ಮಾಡಿದ. 1908ರಲ್ಲಿ ಪೇಟೆಂಟ್ ಸಿಕ್ತು. ಚರ್ಮದ ಸಾಮಾನಿನ ವ್ಯಾಪಾರಿ ಹೂವರ್ ಅದನ್ನ ಕೊಂಡುಕೊಂಡ. ಲಾಭ ಯಾರಿಗೆ, ಹೆಸರು ಯಾರಿಗೆ ಅಂತ ನೀವೇ ನೋಡ್ತಿದ್ದೀರಲ್ಲ. ಬಟ್ಟೆ ಮಾತ್ರ ನೋಡಿ ತಗೊಳ್ಳಿ. ತೀರಾ ಬಿಗಿ ನೇಯ್ಗೆಯಾದ್ರೆ ಗಾಳಿ ಆಡದೆ ಮೋಟಾರ್ ಕಾಯುತ್ತೆ. ಸಡಿಲ ಆದ್ರೆ ಸಣ್ಣ ಧೂಳು ಸೀದಾ ಮೋಟಾರೊಳಗೇ ಹೋಗುತ್ತೆ. ಚೀಲ ದಾಟಿದ ಗಾಳಿಯೇ ಅಲ್ವೇ ಅದನ್ನ ತಣ್ಣಗಿಡೋದು.

ನಿಜವಾದ ತಲೆನೋವು ಪೈಪು. ವಯಸ್ಸಾದಂತೆ ಪ್ಲಾಸ್ಟಿಕ್ ಪುಡಿಯಾಗುತ್ತೆ, ಸೀಳು ಬಿಟ್ರೆ ಎಳೆತವೇ ಇಲ್ಲ. ಒಂದು ಕಂಪನಿ ಪೈಪಿನ ಬಾಯಿ ಇನ್ನೊಂದಕ್ಕೆ ಕೂರಲ್ಲ. ಹೊಸ ಪೈಪು ಮೀಟರ್ ಲೆಕ್ಕದಲ್ಲಿ ಎಲ್ಲಾದ್ರೂ ಸಿಗುತ್ತೆ. ಹಳೇದರ ಎರಡೂ ತುದಿಯ ಗಟ್ಟಿ ಬಾಯಿ ಬಿಡಿಸಿ ಅದಕ್ಕೆ ಅಂಟಿಸಿದ್ರೆ ಕೆಲಸ ಮುಗೀತು. ಅದಕ್ಕೇ ಹರಿದ ಪೈಪನ್ನ ಬಂಗಾರದ ಹಾಗೆ ಇಟ್ಕೋಬೇಕು ಅನ್ನೋದು. ಎಲ್ಲಿ ನಿಮ್ಮದು, ಕೊಡಿ?

ಎಸೆದ್ರಾ? ಯಾವಾಗ?

ಸರಿ ಬಿಡಿ. ಭಾನುವಾರ ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರೋಡಿನ ಸಂಡೇ ಬಜಾರಿಗೆ ಹೋಗೋಣ. ಮೋಟಾರ್ ಸುಟ್ಟ ಇಂಥದ್ದೇ ಇನ್ನೊಂದು ಸಿಕ್ಕರೂ ಸಾಕು, ಬಾಯಿ ಚೆನ್ನಾಗಿದ್ರಾಯ್ತು. ಅತ್ತಿಗೆಯವರಿಗೆ ಮಾತ್ರ ಸೊಪ್ಪು ತರೋಕೆ ಹೋಗ್ತಿದ್ದೀವಿ ಅಂತಲೇ ಹೇಳಿ.